ಹುಟ್ಟುವಾಗಲೇ ಸವೆದ ಅಕ್ಷರ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಕೂತು ಬರೆಯುವ ವ್ಯವಧಾನ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ಅಪ್ಪ ಕಣ್ಣಿನ ಪೊರೆಯ ಆಪರೇಷನ್ನಿಗೆ ಅಂತ ಊರಿಂದ ಬೆಂಗಳೂರಿಗೆ ಬಂದು ಒಂದೂವರೆ ತಿಂಗಳು ನಮ್ಮ ಮನೆಯಲ್ಲಿದ್ದ. ಆಗ ನಡೆದ ಒಂದು ಸಣ್ಣ ಸಂಗತಿ ತಲೆಯಿಂದ ಇಳಿಯುತ್ತಿಲ್ಲ. ಬರೆದು ಇಳಿಸಿಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಹಳಬರಿಗೆ ಗೊತ್ತು, ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ನನ್ನ ಹೊಟ್ಟೆಪಾಡು ಅಕ್ಷರಗಳದ್ದು. ಅಂದರೆ ಸಾಹಿತ್ಯ ಅಲ್ಲ! ಡಬ್ಬ, ಪೊಟ್ಟಣ, ಬಾಟಲಿಗಳ ಮೇಲೆ ಅಂಟಿಸುವ ಲೇಬಲ್ಲುಗಳ ವಿನ್ಯಾಸ. ಯಾವ ಅಕ್ಷರ, ಎಷ್ಟು ದಪ್ಪ, ಯಾವ ಬಣ್ಣ, ಎಲ್ಲಿ ಕೂರಬೇಕು ಅನ್ನುವುದರಲ್ಲೇ ದಿನ ಕಳೆಯುತ್ತದೆ. ಅಪ್ಪನ ಹೊಟ್ಟೆಪಾಡೂ ಅಕ್ಷರಗಳದ್ದೇ ಆಗಿತ್ತು. ಶಿವಮೊಗ್ಗ ಜಿಲ್ಲೆಯ ಸಣ್ಣ ಊರೊಂದರಲ್ಲಿ ಅವನದೊಂದು ಪ್ರೆಸ್ಸು. ಒಂದು ಟ್ರೆಡಲ್ ಮಷಿನ್ನು, ಒಂದು ಕಟಿಂಗ್ ಮಷಿನ್ನು, ಗೋಡೆಯುದ್ದಕ್ಕೂ ಮೊಳೆಗಳ ಕೇಸುಗಳು. ಲಗ್ನಪತ್ರಿಕೆ, ರಸೀದಿ ಪುಸ್ತಕ, ನಾಟಕದ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಅಡಿಕೆ ಮಂಡಿಯ ಬಿಲ್ಲು. ಊರಿನ ಹುಟ್ಟು ಸಾವು ಲೆಕ್ಕಾಚಾರ ಎಲ್ಲ ನಮ್ಮನೆ ಜಗುಲಿಯ ಪಕ್ಕದ ಆ ಕೋಣೆಯಲ್ಲೇ ಅಚ್ಚಾಗುತ್ತಿದ್ದದ್ದು.

ಆಪರೇಷನ್ ಆಗಿ ಹತ್ತು ದಿನಕ್ಕೆ ಅಪ್ಪನಿಗೆ ಹೊಸ ಕಣ್ಣು ಬಂದ ಹಾಗಾಯಿತು. ಕಂಡ ಕಂಡ ಅಚ್ಚನ್ನೆಲ್ಲ ಪರೀಕ್ಷೆ ಮಾಡತೊಡಗಿದ. ಹಾಲಿನ ಪೊಟ್ಟಣ ಹಿಡಿದು "ಕೆಂಪು ಬಣ್ಣ ಅರ್ಧ ನೂಲು ಆಚೆ ಹೋಗಿದೆ ನೋಡು" ಅನ್ನುತ್ತಿದ್ದ. ಔಷಧಿ ಡಬ್ಬದ ಮೇಲಿನ ಇರುವೆಯಂಥ ಅಕ್ಷರ ಓದಿ ಗೆದ್ದವನ ಹಾಗೆ ನಗುತ್ತಿದ್ದ. ಹಾಗೇ ಒಂದು ಸಂಜೆ ನನ್ನ ಕುರ್ಚಿಯ ಹಿಂದೆ ಬಂದು ನಿಂತ.

ಪರದೆಯ ಮೇಲೆ ಒಂದು ಕಾಫಿ ಪುಡಿಯ ಡಬ್ಬದ ಲೇಬಲ್ ಇತ್ತು. ಚಿಕ್ಕಮಗಳೂರು ಕಡೆಯ ಹುಡುಗರಿಬ್ಬರು 2022ರಲ್ಲಿ ಶುರುಮಾಡಿದ ಸಣ್ಣ ಉದ್ಯಮ. ಅವರ ಬೇಡಿಕೆ ಒಂದೇ, "ಸಾರ್, ಅಜ್ಜನ ಕಾಲದ್ದು ಅನ್ನಿಸಬೇಕು." ಇಂಥ ಬೇಡಿಕೆ ಬಂದಾಗ ನನ್ನಂಥವರು ಕೈಹಾಕುವ ಕೆಲವು ಖಾಯಂ ಅಕ್ಷರಗಳಿವೆ. ಅವುಗಳಲ್ಲಿ ಒಂದು ಕ್ಯಾಸ್ಲನ್ ಆಂಟೀಕ್. ಇಂಗ್ಲಿಷಿನಲ್ಲಿ ದೊಡ್ಡದಾಗಿ 'ಕಾಫಿ' ಅಂತ ಅದರಲ್ಲೇ ಕೂರಿಸಿದ್ದೆ.

ಅಪ್ಪ ಕನ್ನಡಕ ಮೇಲೆ ಕೆಳಗೆ ಮಾಡಿ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, ಯಾರಾದರೂ ಕೇಳಿಸಿಕೊಂಡಾರು ಅನ್ನುವ ಹಾಗೆ, "ಮೊಳೆ ಸವೆದಿದೆಯಲ್ಲೋ... ಬದಲಾಯಿಸೋಕೆ ಬೇರೆ ಇಲ್ವಾ?" ಅಂದ.

ನನಗೆ ನಗು ಬಂತು. "ಇಲ್ಲಪ್ಪ, ಅದು ಹಾಗೇ ಇರೋದು. ಸವೆದ ಹಾಗೆ ಕಾಣಲಿ ಅಂತಲೇ ಮಾಡಿರೋದು. ಇದಕ್ಕೆ ದುಡ್ಡು ಕೊಡ್ತಾರೆ" ಅಂದೆ.

ಅಪ್ಪ ನಗಲಿಲ್ಲ. "ಸವೆದ ಅಕ್ಷರಕ್ಕೆ ದುಡ್ಡು ಕೊಡ್ತಾರಾ?" ಅಂತ ಒಂದು ಸಲ ಕೇಳಿ, ಹೋಗಿ ಬಾಲ್ಕನಿಯಲ್ಲಿ ಕೂತ.

ನಾನು ಕೆಲಸ ಮುಂದುವರಿಸಿದೆ. ಆದರೆ ಕೈ ಓಡಲಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಅಕ್ಷರದ ಕತೆ ಕೇಳಿ, ಅಪ್ಪನಿಗೂ ಅವತ್ತು ರಾತ್ರಿ ಊಟದ ಹೊತ್ತಿಗೆ ಇದನ್ನೇ ಹೇಳಿದ್ದು.

ವಿಲಿಯಂ ಕ್ಯಾಸ್ಲನ್ ಅಂತ ಒಬ್ಬ ಇದ್ದ. 1692ರಲ್ಲಿ ಹುಟ್ಟಿ 1766ರಲ್ಲಿ ತೀರಿಕೊಂಡ ಇಂಗ್ಲೆಂಡಿನವನು. ಮೊದಲು ಬಂದೂಕುಗಳ ಮೇಲೆ ಚಿತ್ತಾರ ಕೆತ್ತುತ್ತಿದ್ದವನು ಆಮೇಲೆ ಲಂಡನ್ನಿನಲ್ಲಿ ಅಚ್ಚಿನ ಮೊಳೆ ಎರಕ ಹೊಯ್ಯುವ ಕೆಲಸಕ್ಕೆ ಇಳಿದ. ಅವನ ಅಕ್ಷರಗಳು ಎಷ್ಟು ಚೆನ್ನಾಗಿ ಓದಿಸಿಕೊಳ್ಳುತ್ತಿದ್ದವು ಅಂದರೆ, ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಆಗ ಅವರ ವಸಾಹತಾಗಿದ್ದ ಅಮೆರಿಕದಲ್ಲೂ ಮನೆಮಾತಾದವು. 1776ರ ಜುಲೈನಲ್ಲಿ ಫಿಲಡೆಲ್ಫಿಯಾದ ಜಾನ್ ಡನ್ಲಪ್ ಅನ್ನುವ ಮುದ್ರಕ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಚ್ಚು ಹಾಕಿದ್ದೂ ಕ್ಯಾಸ್ಲನ್ ಮೊಳೆಗಳಲ್ಲೇ. ಯಾರ ವಿರುದ್ಧ ಬಂಡೆದ್ದರೋ ಅವರ ದೇಶದ ಅಕ್ಷರದಲ್ಲೇ ಬಂಡಾಯದ ಪತ್ರ. ತಮಾಷೆ ಅಲ್ವಾ?

ಆ ಕಾಲದ ಅಮೆರಿಕದ ಅಚ್ಚು ನೋಡಿದರೆ ಅಕ್ಷರಗಳ ಅಂಚು ತರಿತರಿ. ಕೈಯಲ್ಲಿ ಮಾಡಿದ ಒರಟು ಕಾಗದ, ಅದನ್ನು ನೀರಲ್ಲಿ ತೇವ ಮಾಡಿ ಮರದ ಕೈಪ್ರೆಸ್ಸಿನಲ್ಲಿ ಒತ್ತಬೇಕು, ಶಾಯಿ ಅಂಚಿನಾಚೆ ಹರಡುತ್ತದೆ. ಮೊಳೆಗಳೋ ದುಬಾರಿ, ಕೊಂಡದ್ದನ್ನು ಹಲ್ಲು ಉದುರುವವರೆಗೂ ಬಳಸಬೇಕು. ಕ್ಯಾಸ್ಲನ್ ಕೆತ್ತಿದ್ದು ನಯವಾದ ಅಕ್ಷರವೇ. ಕಾಗದ, ಶಾಯಿ, ಬಡತನ ಸೇರಿ ಅದನ್ನು ಒರಟು ಮಾಡಿದ್ದವು.

ಈಗ ನೂರಿಪ್ಪತ್ತು ವರ್ಷ ಮುಂದೆ ಬನ್ನಿ. 1890ರ ದಶಕ, ಊರು ಶಿಕಾಗೊ. ಅಲ್ಲಿ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಅನ್ನುವ ದೊಡ್ಡ ಮೊಳೆ ಫೌಂಡ್ರಿ. ಆ ಹೊತ್ತಿಗೆ ಯಂತ್ರಗಳಿಂದ ಬರುವ ಅಚ್ಚು ನಯವಾಗಿ, ತೀರಾ ಒಂದೇ ಥರ ಆಗಿ, ಜನಕ್ಕೆ ಅದರ ಮೇಲೆ ಬೇಸರ ಬಂದಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಶುರುಮಾಡಿ ಹದಿನೈದನೇ ಶತಮಾನದ ಪುಸ್ತಕಗಳ ರೀತಿಯಲ್ಲಿ ಅಚ್ಚು ಹಾಕತೊಡಗಿದ್ದ. ಹಳತು ಅಂದರೆ ಚಂದ ಅನ್ನುವ ಗಾಳಿ ಬೀಸುತ್ತಿತ್ತು. ಬರ್ನ್ ನಡಾಲ್ ಅನ್ನುವ ವಿನ್ಯಾಸಕಾರ ಈ ಫೌಂಡ್ರಿಗೆ ಒಂದು ಅಕ್ಷರ ಮಾಡಿಕೊಟ್ಟ. ಅಂಚುಗಳು ಬೇಕಂತಲೇ ಸೊಟ್ಟ. ಗೆರೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗು. ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಪುಟ್ಟ ಪಾದದ ಹಾಗೆ ಚಾಚಿರುತ್ತದಲ್ಲ, ಸೆರಿಫ್ ಅನ್ನುತ್ತೇವೆ, ಆ ಪಾದಗಳೆಲ್ಲ ಎಡವಿ ಬೆರಳು ಒಡೆದುಕೊಂಡ ಹಾಗೆ. ಅದಕ್ಕೆ ಅವರಿಟ್ಟ ಹೆಸರು 'ಫಿಫ್ಟೀನ್ತ್ ಸೆಂಚುರಿ', ಅಂದರೆ ಹದಿನೈದನೇ ಶತಮಾನ.

ಹೆಸರು ಹೊತ್ತು ಬಂದ ಮಗು ಓಡಲಿಲ್ಲ. ಬಹಳ ಜನ ಕೊಳ್ಳಲಿಲ್ಲ. ಕೊನೆಗೆ 1920ರ ದಶಕದಲ್ಲಿ ಫೌಂಡ್ರಿಯವರು ಅದೇ ಅಕ್ಷರಕ್ಕೆ ಹೊಸ ನಾಮಕರಣ ಮಾಡಿದರು. ಕ್ಯಾಸ್ಲನ್ ಆಂಟೀಕ್! ಆಗ ಅಮೆರಿಕದಲ್ಲಿ ಕ್ಯಾಸ್ಲನ್ ಹೆಸರಿಗೆ ಭಾರಿ ಬೆಲೆ. ಅಸಲಿಗೆ ಕ್ಯಾಸ್ಲನ್ನನಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ದತ್ತು ಕೂಡ ಅಲ್ಲ, ಸುಮ್ಮನೆ ಮನೆತನದ ಹೆಸರು ಸೇರಿಸಿಕೊಂಡಿದ್ದು. ಈ ಸಲ ಅಕ್ಷರ ಓಡಿತು. ಈಗಲೂ ಓಡುತ್ತಲೇ ಇದೆ. 'ಲೆ ಮಿಸೆರಾಬ್ಲ್' ಸಂಗೀತ ನಾಟಕದ ಹೆಸರು ಬರೆದಿರುವುದು ಇದರಲ್ಲೇ. ಲೆಮನಿ ಸ್ನಿಕೆಟ್ ಹೆಸರಿನಲ್ಲಿ ಬಂದ ಮಕ್ಕಳ ಕಾದಂಬರಿ ಸರಣಿಯ ರಕ್ಷಾಪುಟಗಳಲ್ಲೂ ಇದೆ. ಹಳೇ ಕೋಟೆ, ಭೂತದ ಮನೆ, ಕಡಲ್ಗಳ್ಳರ ನಕ್ಷೆ, ಇಂಥದ್ದಕ್ಕೆಲ್ಲ ಇದೇ ಬೇಕು. ಶೀರ್ಷಿಕೆಗೆ ಮಾತ್ರ, ಮತ್ತೆ. ಇದರಲ್ಲಿ ಒಂದು ಪುಟ ಓದಿ ಅಂದರೆ ಕಣ್ಣು ಸೋಲುತ್ತದೆ.

ಇಷ್ಟೂ ಕೇಳಿದ ಅಪ್ಪ ಮಜ್ಜಿಗೆ ಅನ್ನ ಕಲಸುತ್ತಾ "ಹಾಗಾದರೆ ಹೊಸಾ ಮೊಳೆ, ಹೊಳೀತಾ ಇರೋ ಮೊಳೆ, ಫೌಂಡ್ರಿಯಿಂದ ಬರುವಾಗಲೇ ಸವೆದು ಬರ್ತಿತ್ತು ಅನ್ನು" ಅಂದ.

"ಹೌದು."

"ಹುಟ್ಟುವಾಗಲೇ ಮುದುಕ" ಅಂದು ಮಜ್ಜಿಗೆ ಸುರಿದುಕೊಂಡ.

ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮತ್ತೆ ಬಂದು ಪರದೆ ನೋಡಿದ. "ನಿನ್ನೆ ಏನೋ ಸರಿ ಇಲ್ಲ ಅನ್ನಿಸಿತ್ತು, ಈಗ ಗೊತ್ತಾಯ್ತು" ಅಂತ ಬೆರಳಿಟ್ಟು ತೋರಿಸಿದ. "ಕಾಫಿಯಲ್ಲಿ ಎರಡು ಎಫ್ ಇದೆ, ಎರಡು ಇ ಇದೆ. ಎರಡು ಎಫ್‌ಗೂ ಒಂದೇ ಜಾಗದಲ್ಲಿ ಹಲ್ಲು ಮುರಿದಿದೆಯಲ್ಲೋ? ಎರಡು ಇ-ಗೂ ಕೆಳಗಿನ ಗೀಟು ಒಂದೇ ಥರ ಸೊಟ್ಟ. ಮೊಳೆ ಎಲ್ಲಾದರೂ ಹೀಗೆ ಸವೆಯುತ್ತಾ?"

ನಾನು ಇಪ್ಪತ್ತು ವರ್ಷದಿಂದ ಈ ಅಕ್ಷರ ಬಳಸುತ್ತಿದ್ದೇನೆ. ಇದು ಕಣ್ಣಿಗೆ ಬಿದ್ದಿರಲಿಲ್ಲ ಅಂತ ಹೇಳಲಾರೆ, ಬಿದ್ದರೂ ಬಿಟ್ಟಿದ್ದೆ.

ಅಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. ಸೀಸ, ಆಂಟಿಮನಿ, ತವರ ಬೆರೆಸಿ ಮಾಡುವ ಮೊಳೆ ಒಂದೊಂದೂ ಒಂದೊಂದು ಥರ ಸವೆಯುತ್ತದೆ. ಒಂದು ಕೇಸಿಗೆ ಹಾಕುವಾಗ ಕೈಜಾರಿ ನೆಲಕ್ಕೆ ಬಿದ್ದಿರುತ್ತದೆ. ಇನ್ನೊಂದರ ಮೇಲೆ ಕಾಗದದೊಳಗಿನ ಕಲ್ಲುಚೂರು ಒತ್ತಿರುತ್ತದೆ. ಮತ್ತೊಂದು ಸುಮ್ಮನೆ ಹೆಚ್ಚು ದುಡಿದು ಪಕ್ಕದ ಮೊಳೆಗಿಂತ ಕೂದಲೆಳೆಯಷ್ಟು ಗಿಡ್ಡವಾಗಿರುತ್ತದೆ, ಅದು ಮಸುಕಾಗಿ ಬೀಳುತ್ತದೆ. ಅಂಥದ್ದಕ್ಕೆ ಅಪ್ಪ ಹಿಂದಿನ ಪ್ಯಾಕಿಂಗಿನಲ್ಲಿ ಸರಿಯಾಗಿ ಆ ಅಕ್ಷರದ ಜಾಗಕ್ಕೆ ತೆಳು ಕಾಗದದ ಚೂರು ಅಂಟಿಸುತ್ತಿದ್ದ. ಒಂದು ಲಗ್ನಪತ್ರಿಕೆಗೆ ಹತ್ತು ಹನ್ನೆರಡು ಚೂರು. ಅರ್ಧ ದಿನದ ಕೆಲಸ. ಅಷ್ಟೆಲ್ಲ ಮಾಡುತ್ತಿದ್ದದ್ದು ಯಾಕೆ? ಮೊಳೆ ಸವೆದಿದೆ ಅಂತ ಯಾರಿಗೂ ಗೊತ್ತಾಗದಿರಲಿ ಅಂತ! ಹೊಸ ಮೊಳೆ ಬೆಂಗಳೂರಿನ ಫೌಂಡ್ರಿಯಿಂದ ತೂಕದ ಲೆಕ್ಕದಲ್ಲಿ ಬರಬೇಕು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ನೂರಾರು ನಮೂನೆ ಮೊಳೆ ಬೇಕು. ಒಂದು ಸೈಜಿನ ಪೂರ್ತಿ ಸೆಟ್ಟು ಅಂದರೆ ಅಪ್ಪನ ಎಷ್ಟೋ ತಿಂಗಳ ದುಡಿಮೆ.

ಅವನು ಜೀವಮಾನವಿಡೀ ಬಚ್ಚಿಟ್ಟದ್ದನ್ನು ನಾನು ಬಿಲ್ ಹಾಕಿ ಮಾರುತ್ತಿದ್ದೇನೆ. ನಿನ್ನೆ ಕೈ ಓಡದೇ ಹೋದದ್ದು ಇದಕ್ಕೇ. ಆದರೆ ಇದೊಂದಕ್ಕೇ ಅಲ್ಲ.

1989ರ ಬೇಸಿಗೆ ರಜೆ. ನನಗೆ ಹದಿನಾಲ್ಕು ವರ್ಷ. ರಜೆಯಲ್ಲಿ ಮೊಳೆ ಜೋಡಿಸುವುದು ಕಲಿಯುತ್ತಿದ್ದೆ. ಎಡಗೈಯಲ್ಲಿ ಸ್ಟಿಕ್ ಹಿಡಿದು, ಬಲಗೈಯಲ್ಲಿ ಒಂದೊಂದೇ ಮೊಳೆ ಎತ್ತಿ, ಅದರ ಮೈಮೇಲಿನ ಕಚ್ಚು ಬೆರಳಿಗೆ ಸಿಗುವ ಹಾಗೆ ಹಿಡಿದು ತಲೆಕೆಳಗಾಗಿ ಕೂರಿಸುತ್ತಾ ಹೋಗುವುದು. ಊರಿನ ಒಂದು ಸಮಿತಿಯವರು ಕಟ್ಟಡಕ್ಕೆ ಚಂದಾ ಎತ್ತಲು ಇಪ್ಪತ್ತು ರಸೀದಿ ಪುಸ್ತಕ ಹೇಳಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ 'ಧನಸಂಗ್ರಹ ರಸೀದಿ' ಅಂತ ಬರಬೇಕು. ಅಪ್ಪ ಕಾಗದ ತರಲು ಶಿವಮೊಗ್ಗಕ್ಕೆ ಹೊರಟಿದ್ದ. "ಹೆಡ್ಡಿಂಗ್ ನೀನು ಜೋಡಿಸಿಡು, ಮೊಳೆ ನೋಡಿ ಹಾಕು" ಅಂದು ಬಸ್ಸು ಹತ್ತಿದ.

ನಾನು ಜೋಡಿಸಿದೆ. 'ಧ' ಎತ್ತಿಕೊಂಡಾಗ ಅದರ ಕೆಳಗಿನ ಪುಟ್ಟ ಗೀಟು ಅರ್ಧ ಮುರಿದದ್ದು ನೋಡಿದೆ. ಚೆನ್ನಾಗಿ ನೆನಪಿದೆ, ನೋಡಿದೆ. ಕೇಸಿನ ಆ ಮನೆಯಲ್ಲಿ ಇನ್ನೊಂದು ಇದೆಯಾ ಅಂತ ಕೈಯಾಡಿಸಬೇಕಿತ್ತು, ಇಲ್ಲವೇ ಅಪ್ಪ ಬರಲಿ ಅಂತ ಕಾಯಬೇಕಿತ್ತು. ಹೊರಗೆ ಗೆಳೆಯರು ಬ್ಯಾಟು ಹಿಡಿದು ಕೂಗುತ್ತಿದ್ದರು. ಅರ್ಧ ಗೀಟು ಇದೆಯಲ್ಲ, ಯಾರು ನೋಡುತ್ತಾರೆ ಅಂತ ಕೂರಿಸಿ ಓಡಿದೆ. ಸಮಿತಿಯವರಿಗೂ ಅವಸರ. ಸಂಜೆಯೇ ಬೇಕು ಅಂತ ಬಂದು ಕೂತರಂತೆ. ಮಷಿನ್ ನಡೆಸುವವ ಪ್ರೂಫ್ ತೆಗೆದು ನೋಡಿದ, ಗೀಟು ಇದ್ದ ಹಾಗೇ ಕಂಡಿತು, ಓಡಿಸಿಬಿಟ್ಟ. ಎರಡು ಮೂರು ನೂರು ಹಾಳೆ ಆಗುವಷ್ಟರಲ್ಲಿ ಉಳಿದಿದ್ದ ಅರ್ಧ ಗೀಟೂ ಉದುರಿತು.

ಆಮೇಲಿನದ್ದೆಲ್ಲ 'ದನಸಂಗ್ರಹ ರಸೀದಿ'!

ನೀವು ನಗುತ್ತಿದ್ದೀರಿ ಅಂತ ಗೊತ್ತು :) ಊರೂ ನಕ್ಕಿತು. ಚಂದಾ ಎತ್ತಲು ಹೋದವರಿಗೆ "ನಮ್ಮನೇಲಿ ಎರಡು ಎಮ್ಮೆ ಇದೆ, ಯಾವಾಗ ಹೊಡ್ಕೊಂಡು ಬರಲಿ?" ಅಂತ ಕೇಳಿದರಂತೆ. ಸಮಿತಿಯವರು ಕೆಂಡವಾಗಿ ಬಂದರು. ಅಪ್ಪ ಒಂದು ಮಾತಾಡಲಿಲ್ಲ. ಹುಡುಗ ಜೋಡಿಸಿದ್ದು ಅಂತಲೂ ಹೇಳಲಿಲ್ಲ, ಮಷಿನ್ನಿನವನನ್ನೂ ಬೈಯಲಿಲ್ಲ. "ನಂದೇ ತಪ್ಪು" ಅಂದು ಇಪ್ಪತ್ತೂ ಪುಸ್ತಕ ತನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿ ಕೊಟ್ಟ. ಆದರೂ ಮುಂದಿನ ವರ್ಷದಿಂದ ಅವರ ಕೆಲಸವೆಲ್ಲ ಶಿವಮೊಗ್ಗದ ಆಫ್‌ಸೆಟ್‌ಗೆ ಹೋಯಿತು. ಅವರ ಹಿಂದೆ ಇನ್ನೂ ಕೆಲವರು ಹೋದರು. ಆಫ್‌ಸೆಟ್ಟು, ಡಿಟಿಪಿ ಬಂದಮೇಲೆ ಹೇಗೂ ಹೋಗುತ್ತಿದ್ದರು, ನಿಜ. ಆದರೆ ನಮ್ಮ ಪ್ರೆಸ್ಸಿನ ಹಿಮ್ಮುಖ ಪ್ರಯಾಣ ನನ್ನ ಆ 'ಧ'ದಿಂದ ಶುರುವಾಯಿತು ಅಂತ ನನ್ನೊಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. 2000ದಲ್ಲಿ ಅಪ್ಪ ಟ್ರೆಡಲನ್ನು ಗುಜರಿಗೂ ಮೊಳೆಗಳನ್ನು ಸೀಸದ ತೂಕಕ್ಕೂ ಕೊಟ್ಟ. ಆಗ ನಾನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವುದನ್ನೇ ಕಲಿಯುತ್ತಿದ್ದೆ. ಮುರಿದ ಗೀಟನ್ನು ನೋಡಿಯೂ ಹಾಕಿದ್ದೆ ಅನ್ನುವುದನ್ನು ಅಪ್ಪನಿಗೆ ಯಾವತ್ತೂ ಹೇಳಿರಲಿಲ್ಲ.

ದಸರಾ ಹೊತ್ತಿಗೆ ಅಪ್ಪನನ್ನು ಊರಿಗೆ ಬಿಡಲು ಹೋದೆ. ಲೇಬಲ್ಲಿನ ಕೆಲಸ ಇನ್ನೂ ಮುಗಿದಿರಲಿಲ್ಲ. ಕಾಫಿ ಹುಡುಗರಿಗೆ ಕೆಳಗೆ ಕನ್ನಡದಲ್ಲಿ 'ಶುದ್ಧ ಕಾಫಿ ಪುಡಿ' ಅಂತಲೂ ಬೇಕಿತ್ತು, ಅದೂ ಅಜ್ಜನ ಕಾಲದ ಅಕ್ಷರದಲ್ಲಿ. ತುಂಗಾ, ಕೇದಗೆ ಎರಡನ್ನೇ ನೋಡಿಕೊಂಡು ಬ್ಲಾಗು ಬರೆಯುತ್ತಿದ್ದ ನಮ್ಮ ಆ ದಿನಗಳಿಗೆ ಹೋಲಿಸಿದರೆ ಕನ್ನಡಕ್ಕೆ ಈಗ ಫಾಂಟುಗಳ ಬರ ಅಷ್ಟಿಲ್ಲ. ಬಾಲೂ ತಮ್ಮ ಇದೆ, ತಿರೋ ಕನ್ನಡ ಇದೆ, ನೋಟೋ ಸೆರಿಫ್ ಇದೆ, ಅಕಾಯ ಇದೆ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಚೆನ್ನ. ಆದರೆ ಕ್ಯಾಸ್ಲನ್ ಆಂಟೀಕ್ ಪಕ್ಕದಲ್ಲಿ ಕೂರಿಸಿದರೆ ಯಾವುದೂ ಒಗ್ಗುತ್ತಿರಲಿಲ್ಲ. ಅಜ್ಜನ ಅಂಗಿ ಹಾಕಿಕೊಂಡವನ ಪಕ್ಕ ಇಸ್ತ್ರಿ ಮಾಡಿದ ಅಂಗಿಯವನು ನಿಂತ ಹಾಗೆ.

"ಅಟ್ಟದ ಮೇಲೆ ಒಂದು ಬಿಸ್ಕತ್ ಡಬ್ಬ ಇರಬೇಕು ನೋಡು" ಅಂದ ಅಪ್ಪ.

ಇತ್ತು. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಎಲ್ಲ ಮಾರಿದಾಗ ಒಂದು ಹಿಡಿ ಇರಲಿ ಅಂತ ಇಟ್ಟುಕೊಂಡಿದ್ದನಂತೆ, ದೊಡ್ಡ ಅಕ್ಷರದ ಮೊಳೆಗಳು. ಜಗುಲಿಯಲ್ಲಿ ಪೇಪರ್ ಹಾಸಿ ಸುರಿದೆವು. ಹೊಸ ಕಣ್ಣಿನ ಅಪ್ಪ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾ ವಿಂಗಡಿಸಿದ. ಶು ಸಿಕ್ಕಿತು. ದ, ಕಾ, ಪು, ಡಿ ಸಿಕ್ಕಿದವು. ಫಿ ಸಿಗಲಿಲ್ಲ, ಪಿ ಇತ್ತು. ಧ-ದ ಒತ್ತು ಮೂರು ಸಿಕ್ಕಿದವು. ಎರಡರಲ್ಲಿ ಗೀಟು ಹೋಗಿತ್ತು, ಬರೀ ದ ಒತ್ತಿನ ಹಾಗೆ ಕಾಣುತ್ತಿತ್ತು.

ಆ ಎರಡನ್ನು ಕೈಯಲ್ಲಿ ಹಿಡಿದುಕೊಂಡಾಗ ಇನ್ನು ತಡೆಯಲಾಗಲಿಲ್ಲ. "ಅಪ್ಪಾ, ಆವತ್ತು ಆ ರಸೀದಿ ಪುಸ್ತಕದ ಧ ಮುರಿದಿದೆ ಅಂತ ನನಗೆ ಗೊತ್ತಿತ್ತು. ನೋಡಿಯೂ ಹಾಕಿದ್ದೆ. ಆಟಕ್ಕೆ ಹೋಗಬೇಕಿತ್ತು" ಅಂದೆ. ಐವತ್ತರ ಹತ್ತಿರ ಬಂದವನಿಗೆ ದನಿ ನಡುಗಿದ್ದು ನಾಚಿಕೆಯಾಯಿತು.

ಅಪ್ಪ ತಲೆ ಎತ್ತಲಿಲ್ಲ. "ಆ ಸೈಜಿನಲ್ಲಿ ಧ ಇದ್ದದ್ದೇ ನಾಲ್ಕು" ಅಂದ. "ಮೂರು ಒಂದು ಲಗ್ನಪತ್ರಿಕೆಯ ಚೇಸಿನಲ್ಲಿ ಕಟ್ಟಿಕೊಂಡಿದ್ದವು. ವಧು ಅಂತ ಬರಬೇಕು, ಆ ಹುಡುಗಿ ಹೆಸರಲ್ಲೂ ಧ, ಊರಿನ ಹೆಸರಲ್ಲೂ ಧ. ನಿನಗೆ ಬಿಟ್ಟು ಹೋದ ಕೇಸಲ್ಲಿ ಇದ್ದದ್ದು ಅದೊಂದೇ. ಅದರ ಗೀಟು ಅಲ್ಲಾಡ್ತಾ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ರಾತ್ರಿ ಬಂದು ಲಗ್ನಪತ್ರಿಕೆಯ ಫಾರಂ ಬಿಚ್ಚಿ ಒಳ್ಳೇದು ಹಾಕಿದರಾಯ್ತು ಅಂದುಕೊಂಡಿದ್ದೆ. ಅವರು ಅಷ್ಟು ಬೇಗ ಬರ್ತಾರೆ ಅಂತ ಯಾರಿಗೆ ಗೊತ್ತು. ನಾಲ್ಕು ಧ ಹೆಚ್ಚಿಗೆ ತರಿಸೋಕೆ ಆವಾಗ ಕೈಯಲ್ಲಿ ಆಗಲಿಲ್ಲ. ಅದಕ್ಕೇ ನಂದೇ ತಪ್ಪು ಅಂದದ್ದು. ಸುಳ್ಳು ಹೇಳಿರಲಿಲ್ಲ."

ನಾನು ಸುಮ್ಮನೆ ಕೂತೆ. ಮೂವತ್ತೈದು ವರ್ಷ ಒಂದೇ ಮನೆಯ ಇಬ್ಬರು ಒಂದೇ ಗೀಟನ್ನು ಬೇರೆ ಬೇರೆಯಾಗಿ ಹೊತ್ತುಕೊಂಡು ತಿರುಗಿದ್ದೆವು. ಹಾಗಂತ ನನ್ನ ಪಾಲು ಇಳಿದು ಹೋಯಿತು ಅಂತಲ್ಲ. ನೋಡಿಯೂ ಹಾಕಿದ್ದು ಹಾಕಿದ್ದೇ. ಅಪ್ಪನೂ "ಪರವಾಗಿಲ್ಲ ಬಿಡು" ಅನ್ನಲಿಲ್ಲ. ಅವನು ಹಾಗೆ ಅನ್ನುವವನಲ್ಲ. ಅಂದಿದ್ದರೆ ನನಗೂ ಸಮಾಧಾನ ಆಗುತ್ತಿರಲಿಲ್ಲವೇನೋ.

ಅಮ್ಮ ಇಬ್ಬರಿಗೂ ಕಾಫಿ ತಂದಿಟ್ಟು, ಹಾಸಿದ್ದ ಪೇಪರನ್ನೂ ನಮ್ಮ ಮುಖವನ್ನೂ ಒಂದು ಸಲ ನೋಡಿ "ಮತ್ತೆ ಶುರುವಾಯ್ತಾ ಇದು?" ಅಂತ ಒಳಗೆ ಹೋದಳು.

ಆಮೇಲೆ ಕೆಲಸಕ್ಕೆ ಇಳಿದೆವು. ಮೊಳೆಗಳನ್ನು ಸಾಲಾಗಿ ನಿಲ್ಲಿಸಿ ಸುತ್ತ ದಾರ ಬಿಗಿದು, ಶಾಯಿ ಸವರಿ, ಕಾಗದ ಇಟ್ಟು ಚಮಚದ ಬೆನ್ನಿನಲ್ಲಿ ಉಜ್ಜಿ ಅಚ್ಚು ತೆಗೆದೆವು. ಒಂದೊಂದು ಅಕ್ಷರಕ್ಕೂ ಹತ್ತಾರು ಪ್ರತಿ. ಯಾವ ಎರಡೂ ಒಂದೇ ಥರ ಬೀಳಲಿಲ್ಲ. 'ಶು'ವಿನ ಕೊಂಬು ತುಸು ಚಪ್ಪಟೆ, 'ಡಿ'ಯ ಗುಡಿಸಿನಲ್ಲಿ ಒಂದು ಬಿಳಿ ಚುಕ್ಕೆ, 'ಪು'ವಿನ ಒಂದು ಪಕ್ಕ ಮಸುಕು. "ಇದು ಚೆನ್ನಾಗಿದೆ, ಅಜ್ಜನ ಕಾಲದ್ದು ಅಂದ್ರೆ ಇದು" ಅಂತ ನಾನು ಎತ್ತಿಟ್ಟುಕೊಳ್ಳುತ್ತಿದ್ದೆ. ಅಪ್ಪನಿಗೆ ಅದೇ ಸಂಕಟ. ಅವನು ಎತ್ತಿಕೊಡುತ್ತಿದ್ದದ್ದು ಇದ್ದದ್ದರಲ್ಲಿ ನಯವಾದದ್ದನ್ನು. ಕೊನೆಗೆ "ನಿನ್ನ ಗಿರಾಕಿ, ನಿನ್ನಿಷ್ಟ" ಅಂದ. ಆದರೆ ಧ-ದ ಒತ್ತಿನ ಸರದಿ ಬಂದಾಗ ಗೀಟು ಹೋದ ಎರಡನ್ನೂ ಡಬ್ಬಕ್ಕೆ ಹಾಕಿ, ಗೀಟು ಗಟ್ಟಿಯಾಗಿದ್ದದ್ದನ್ನು ನನ್ನ ಕೈಗಿಟ್ಟ. "ಬೇರೆ ಯಾವುದು ಬೇಕಾದರೂ ಸವೆದಿರಲಿ. ಇದೊಂದು ಬೇಡ" ಅಂದ.

ಸರಿಯಾಗೇ ಹೇಳಿದ ಅಂತ ನನಗೆ ಆಮೇಲೆ ಅನ್ನಿಸುತ್ತಾ ಬಂತು. ಕ್ಯಾಸ್ಲನ್ ಆಂಟೀಕಿನಲ್ಲಿ ಎಷ್ಟು ಸವೆದರೂ ಎಫ್ ಎಫ್ಫಾಗೇ ಇರುತ್ತದೆ, ಇ ಇಯಾಗೇ ಇರುತ್ತದೆ. ಸವೆತ ಅಲ್ಲಿ ಒಂದು ವೇಷ. ಕನ್ನಡದಲ್ಲಿ ಒಂದು ಗೀಟು ಹೋದರೆ ಧನ ಹೋಗಿ ದನ ಬರುತ್ತದೆ, ಮಾತೇ ಬದಲಾಗುತ್ತದೆ. ನಮ್ಮ ಅಕ್ಷರಕ್ಕೆ ಹಳೆಯ ವೇಷ ತೊಡಿಸುವವರು ಎಲ್ಲಿ ಸವೆಸಬಹುದು, ಎಲ್ಲಿ ಸವೆಸಬಾರದು ಅಂತ ತಿಳಿದಿರಬೇಕು. ಶಿಕಾಗೊದ ನಡಾಲ್‌ಗೆ ಈ ತಾಪತ್ರಯ ಇರಲಿಲ್ಲ.

ಬೆಂಗಳೂರಿಗೆ ಬಂದು ಅಚ್ಚುಗಳನ್ನು ಸ್ಕ್ಯಾನ್ ಮಾಡಿದೆ. ಇಲ್ಲದ 'ಫಿ'ಯನ್ನು 'ಪಿ'ಗೆ ಕಂಪ್ಯೂಟರಿನಲ್ಲಿ ಒಂದು ಗೀಟು ಎಳೆದು ಮಾಡಿಕೊಂಡೆ. ಫೋನಿನಲ್ಲಿ ಹೇಳಿದರೆ ಅಪ್ಪ "ಅಂತೂ ಒಂದು ಅಲ್ಪಪ್ರಾಣಕ್ಕೆ ಮಹಾಪ್ರಾಣ ಕೊಟ್ಟೆ" ಅಂತ ನಕ್ಕ. ಇಂಗ್ಲಿಷ್ ಸಾಲನ್ನೂ ತಿದ್ದಿದೆ. ಓಪನ್‌ಟೈಪ್ ಅನ್ನುವ ಫಾಂಟ್ ಪದ್ಧತಿ ಬಂದಮೇಲೆ ಒಂದೇ ಅಕ್ಷರಕ್ಕೆ ನಾಲ್ಕಾರು ರೂಪ ಇಟ್ಟು, ಪಕ್ಕಪಕ್ಕ ಬಂದಾಗ ತಾನಾಗಿ ಬದಲಾಗುವ ಹಾಗೆ ಮಾಡಬಹುದು. ಒಂದೇ ಪದಕ್ಕೆ ಅಷ್ಟೆಲ್ಲ ಯಾಕೆ ಅಂತ ನಾನು ಕೈಯಲ್ಲೇ ಮಾಡಿದೆ. ಮೊದಲ ಎಫ್ ಹಾಗೇ ಇರಲಿ. ಎರಡನೆಯದರ ಮುರಿದ ಹಲ್ಲು ಸರಿಮಾಡಿ, ಬುಡದ ಪಾದವನ್ನು ಸ್ವಲ್ಪ ತೇಯ್ದೆ. ಒಂದು ಇ-ಯ ನಡುಗೆರೆ ತೆಳು ಮಾಡಿದೆ. ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಇಪ್ಪತ್ತು ವರ್ಷ ಮಾಡದೇ ಬಿಟ್ಟಿದ್ದದ್ದು.

ಲೇಬಲ್ಲಿನಲ್ಲಿ ಇಸವಿ ಹಾಕಬೇಕಾ ಅಂತ ಹುಡುಗರನ್ನು ಕೇಳಿದೆ. ಒಬ್ಬ ತಮಾಷೆಗೆ "1950 ಅಂತ ಹಾಕಿಬಿಡಿ ಸಾರ್, ಅಕ್ಷರಕ್ಕೆ ಹೊಂದುತ್ತೆ" ಅಂದ. ಕ್ಯಾಸ್ಲನ್ ಮನೆತನದ ಹೆಸರು ಸೇರಿಸಿಕೊಂಡವರ ಕತೆ ಅವರಿಗೂ ಹೇಳಿದೆ. ಕೊನೆಗೆ '2022ರಿಂದ' ಅಂತಲೇ ಹಾಕಿದೆವು. ಹಳೇ ಅಕ್ಷರದಲ್ಲಿ ಹೊಸ ಇಸವಿ. ಚೆನ್ನಾಗೇ ಕಾಣುತ್ತದೆ.

ಡಬ್ಬಗಳು ಅಚ್ಚಾಗಿ ಬಂದಾಗ ಒಂದನ್ನು ಊರಿಗೆ ಕಳಿಸಿದೆ. ನಾಲ್ಕು ದಿನ ಏನೂ ಸುದ್ದಿಯಿಲ್ಲ. ಐದನೇ ದಿನ ನಾನೇ ಫೋನ್ ಮಾಡಿದೆ. ಅಡಿಕೆ ಕೊಯ್ಲು, ಮಂಗನ ಕಾಟ, ಪಕ್ಕದ ಮನೆಯವರ ಹೊಸ ಕಾರು ಎಲ್ಲ ಹೇಳಿದ. ಡಬ್ಬದ ಮಾತೇ ಇಲ್ಲ. ಕೊನೆಗೆ ನಾನೇ ಕೇಳಿದೆ, "ಲೇಬಲ್ ನೋಡಿದ್ಯಾ?"

"ನೋಡಿದೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಒತ್ತು ಚೆನ್ನಾಗಿ ಬಿದ್ದಿದೆ" ಅಂದ.

ಅಷ್ಟೇ. ಫೋನನ್ನು ಅಮ್ಮನಿಗೆ ಕೊಟ್ಟ.

ನಿಮ್ಮ ಊರುಗಳಲ್ಲೂ ಇಂಥ ಪ್ರೆಸ್ಸುಗಳಿದ್ದಿರಬಹುದು. ನಿಮ್ಮ ಅಪ್ಪ ಅಮ್ಮನ ಲಗ್ನಪತ್ರಿಕೆ ಇನ್ನೂ ಪೆಟ್ಟಿಗೆಯಲ್ಲಿದ್ದರೆ ಒಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಎಲ್ಲಾದರೂ ಒಂದು ಅಕ್ಷರ ಮಸುಕಾಗಿ ಬಿದ್ದಿದ್ದರೆ, ಅದು ಕಾಣದಿರಲಿ ಅಂತ ಯಾರೋ ಅರ್ಧ ದಿನ ಕಾಗದದ ಚೂರು ಅಂಟಿಸಿರುತ್ತಾರೆ. ಸಿಕ್ಕರೆ ಬರೆಯಿರಿ, ಅಪ್ಪನಿಗೆ ಓದಿ ಹೇಳುತ್ತೇನೆ.